ಕುತ್ತಿಗೆಯ ಗಂಟು: ಸ್ಕ್ಯಾನ್ ಮತ್ತು ಸೂಜಿ ಪರೀಕ್ಷೆ ಹೇಳುವುದೇನು?

(ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ನೀಡಿದ ಉಪನ್ಯಾಸದ ಪಠ್ಯ)



ಉಚಿತ ಆರೋಗ್ಯ ಶಿಬಿರಕ್ಕೆ ಅನುಮತಿ ಕೋರಿ ಅರ್ಜಿ ಬಂದಾಗ ಸಾಮಾನ್ಯ ಸಭೆಯಲ್ಲಿ ಆಕ್ಷೇಪವೇಳುವುದು ಅಪರೂಪ. ರಕ್ತದೊತ್ತಡ, ಮಧುಮೇಹದ ತಪಾಸಣೆಗೆ ಆಕ್ಷೇಪದ ಅಗತ್ಯವೂ ಇಲ್ಲ. ಆದರೆ ಊರಿನವರೆಲ್ಲರ ಕುತ್ತಿಗೆಗೆ ಸ್ಕ್ಯಾನ್ ಮಾಡಿ ಥೈರಾಯ್ಡ್ ಕ್ಯಾನ್ಸರ್ ಪತ್ತೆ ಹಚ್ಚುತ್ತೇವೆ ಎಂಬ ಪ್ರಸ್ತಾವ ಬಂದರೆ, ಒಪ್ಪಿಗೆ ನೀಡುವ ಮುನ್ನ ಸದಸ್ಯರು ಕೆಲವು ಸಂಗತಿಗಳನ್ನು ತಿಳಿದಿರಬೇಕು.

ಥೈರಾಯ್ಡ್ ಎಂಬುದು ಕುತ್ತಿಗೆಯ ಮುಂಭಾಗದಲ್ಲಿ ಚಿಟ್ಟೆಯಾಕಾರದಲ್ಲಿರುವ ಗ್ರಂಥಿ. ಅದರೊಳಗೆ ಗಂಟು ಮೂಡುವುದು ಬಹು ಸಾಮಾನ್ಯ. ಮಹಿಳೆಯರಲ್ಲಿ ಹೆಚ್ಚು, ವಯಸ್ಸಾದಂತೆ ಮತ್ತೂ ಹೆಚ್ಚು. ಕೈಗೆ ಸಿಗದ ಎಷ್ಟೋ ಗಂಟುಗಳು ಸ್ಕ್ಯಾನ್‌ನಲ್ಲಿ ಕಾಣುತ್ತವೆ. ಇಂಥ 100 ಗಂಟುಗಳಲ್ಲಿ ಸುಮಾರು 90 ಕ್ಯಾನ್ಸರ್ ಅಲ್ಲ. ಉಳಿದವನ್ನು ಬೇರ್ಪಡಿಸುವುದೇ ವೈದ್ಯರ ಮುಂದಿರುವ ಕೆಲಸ.

ಮೊದಲು ಟಿಎಸ್‌ಎಚ್ ಎಂಬ ರಕ್ತಪರೀಕ್ಷೆ. ಅದರ ಪ್ರಮಾಣ ತೀರಾ ಕಡಿಮೆಯಿದ್ದರೆ ಗಂಟೇ ಹೆಚ್ಚು ಹಾರ್ಮೋನು ಸ್ರವಿಸುತ್ತಿರಬಹುದು. ಅಂಥ ಗಂಟು ಕ್ಯಾನ್ಸರ್ ಆಗಿರುವುದು ವಿರಳ. ನಂತರ ಅಲ್ಟ್ರಾಸೌಂಡ್. ಗಂಟು ನೀರು ತುಂಬಿದ ಚೀಲದಂತಿದೆಯೇ, ಘನವಾಗಿದೆಯೇ? ಸುತ್ತಲಿನ ಗ್ರಂಥಿಗಿಂತ ಕಪ್ಪಾಗಿದೆಯೇ? ಅಗಲಕ್ಕಿಂತ ಎತ್ತರ ಹೆಚ್ಚಿದೆಯೇ? ಅಂಚು ಒಡೆದಂತಿದೆಯೇ? ಒಳಗೆ ಸುಣ್ಣದ ಸೂಕ್ಷ್ಮ ಚುಕ್ಕೆಗಳಿವೆಯೇ? ಈ ಐದು ಲಕ್ಷಣಗಳಿಗೆ ಅಂಕ ಕೊಟ್ಟು ಕೂಡಿಸುವ ಪದ್ಧತಿಯನ್ನು ಅಮೆರಿಕದ ರೇಡಿಯಾಲಜಿ ತಜ್ಞರ ಸಂಸ್ಥೆ 2017ರಲ್ಲಿ ಪ್ರಕಟಿಸಿತು. ವರದಿಯಲ್ಲಿ ‘ಟೈ-ರಾಡ್ಸ್’ ಎಂದು ಬರೆದಿರುವುದು ಇದನ್ನೇ. ಶ್ರೇಣಿ 1 ಮತ್ತು 2ಕ್ಕೆ ಸೂಜಿ ಪರೀಕ್ಷೆ ಬೇಡ. ಶ್ರೇಣಿ 3ಕ್ಕೆ ಗಂಟು 2.5 ಸೆಂಟಿಮೀಟರ್, ಶ್ರೇಣಿ 4ಕ್ಕೆ 1.5, ಶ್ರೇಣಿ 5ಕ್ಕೆ 1 ಸೆಂಟಿಮೀಟರ್ ತಲುಪಿದರೆ ಸೂಜಿ ಪರೀಕ್ಷೆ. ಗಂಟು ದೊಡ್ಡದಾದಷ್ಟೂ ಅಪಾಯ ಎಂಬ ಊರಿನ ಲೆಕ್ಕ ಇಲ್ಲಿ ಸರಿಹೋಗುವುದಿಲ್ಲ: ನಿಂಬೆಹಣ್ಣಿನ ಗಾತ್ರದ ನೀರ್ಗಂಟು ನಿರುಪದ್ರವಿಯಾಗಿರಬಹುದು, ದ್ರಾಕ್ಷಿಯಷ್ಟು ಚಿಕ್ಕದಾದ ಘನ ಗಂಟಿಗೆ ಸೂಜಿ ಬೇಕಾಗಬಹುದು.

ಕೊಳವೆಬಾವಿ ಕೊರೆಸಿದ ಅನುಭವವಿರುವ ಸದಸ್ಯರಿಗೆ ಇದನ್ನು ವಿವರಿಸುವುದು ಸುಲಭ. ಸ್ಕ್ಯಾನ್ ಎಂಬುದು ಭೂವಿಜ್ಞಾನಿಯ ಸ್ಥಳ ಸಮೀಕ್ಷೆ. ಎಲ್ಲಿ ಕೊರೆಯಬೇಕು, ಎಲ್ಲಿ ಬೇಡ ಎಂದಷ್ಟೇ ಅದು ಹೇಳುತ್ತದೆ. ಒಳಗಿರುವುದೇನೆಂದು ತಿಳಿಯಬೇಕಾದರೆ ಕೊರೆಯಲೇಬೇಕು.

ಆ ಕೊರೆತವೇ ಎಫ್‌ಎನ್‌ಎಸಿ. ರಕ್ತ ತೆಗೆಯುವ ಸೂಜಿಗಿಂತ ದಪ್ಪವಲ್ಲದ ಸೂಜಿಯಿಂದ ಕೋಶಗಳನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆಂಬ ಭಯ ಹಳ್ಳಿಯಲ್ಲೂ ಇದೆ, ನಗರದಲ್ಲೂ ಇದೆ. ಹಾಗಾಗುವುದು ಅತ್ಯಂತ ವಿರಳ. ಫಲಿತಾಂಶವನ್ನು ‘ಬೆಥೆಸ್ಡಾ’ ಪದ್ಧತಿಯ ಆರು ವರ್ಗಗಳಲ್ಲಿ ಬರೆಯುತ್ತಾರೆ. 2023ರ ಆವೃತ್ತಿಯಂತೆ ಎರಡನೆಯ ವರ್ಗದಲ್ಲಿ ಕ್ಯಾನ್ಸರ್ ಸಂಭವ ಸರಾಸರಿ ಶೇ. 4, ಐದನೆಯದರಲ್ಲಿ ಶೇ. 74, ಆರನೆಯದರಲ್ಲಿ ಶೇ. 97. ನಡುವಿನ ಮೂರು ಮತ್ತು ನಾಲ್ಕನೆಯ ವರ್ಗಗಳಲ್ಲಿ ಕ್ರಮವಾಗಿ ಶೇ. 22 ಮತ್ತು ಶೇ. 30. ಇಲ್ಲಿ ಖಚಿತ ಉತ್ತರ ಸಿಗದಿರುವುದಕ್ಕೆ ವೈದ್ಯರನ್ನು ದೂರುವಂತಿಲ್ಲ. ಕೆಲವು ಬಗೆಯ ಗಂಟುಗಳಲ್ಲಿ ಕೋಶಗಳು ಹೊರಕವಚವನ್ನು ದಾಟಿವೆಯೇ ಎಂಬುದೇ ನಿರ್ಣಾಯಕ. ಅದು ಶಸ್ತ್ರಚಿಕಿತ್ಸೆಯಲ್ಲಿ ಹೊರತೆಗೆದ ಗಂಟಿನಲ್ಲಿ ಮಾತ್ರ ಕಾಣುತ್ತದೆ.

ಮೊದಲನೆಯ ವರ್ಗದ ಬಗ್ಗೆ ವಿಶೇಷ ಎಚ್ಚರ ಅಗತ್ಯ. ಸಾಕಷ್ಟು ಕೋಶಗಳು ಸಿಗಲಿಲ್ಲ ಎಂಬುದಷ್ಟೇ ಅದರ ಅರ್ಥ. ‘ಏನೂ ಸಿಗಲಿಲ್ಲವಂತೆ’ ಎಂಬುದನ್ನು ‘ಏನೂ ಇಲ್ಲವಂತೆ’ ಎಂದು ತಿಳಿದು ರೋಗಿ ಮನೆಗೆ ಮರಳಿದರೆ, ಮಾಡಬೇಕಾದ ಮರುಪರೀಕ್ಷೆ ಅಲ್ಲಿಗೇ ನಿಂತುಹೋಗುತ್ತದೆ. ಮಗ್ಗದ ಒಂದು ದಿನದ ಕೂಲಿ ಬಿಟ್ಟು ದೊಡ್ಡಬಳ್ಳಾಪುರದಿಂದ ಬೆಂಗಳೂರಿಗೆ ಹೋಗಿ ಬಂದವರನ್ನು ಮತ್ತೊಮ್ಮೆ ಹೋಗಿ ಎನ್ನುವುದು ಕಷ್ಟವೇ. ಆದರೂ ಹೇಳಲೇಬೇಕು.

ಹಾಗಾದರೆ ಎಲ್ಲರಿಗೂ ಸ್ಕ್ಯಾನ್ ಮಾಡಿಸಿದರೆ ತಪ್ಪೇನು? ದಕ್ಷಿಣ ಕೊರಿಯಾ ಇದಕ್ಕೆ ಉತ್ತರ ಕಂಡಿದೆ. ಅಲ್ಲಿ 1999ರಲ್ಲಿ ಸರ್ಕಾರದ ಕ್ಯಾನ್ಸರ್ ತಪಾಸಣೆ ಆರಂಭವಾದಾಗ ಥೈರಾಯ್ಡ್ ಅದರಲ್ಲಿ ಇರಲಿಲ್ಲ. ಆಸ್ಪತ್ರೆಗಳು ಅಲ್ಪ ಶುಲ್ಕಕ್ಕೆ ಕುತ್ತಿಗೆಯ ಸ್ಕ್ಯಾನನ್ನೂ ಸೇರಿಸಿದವು. 2011ರ ವೇಳೆಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆಯ ದರ 1993ರ 15 ಪಟ್ಟಾಯಿತು. ಸಾವಿನ ದರ ಮಾತ್ರ ಬದಲಾಗಲಿಲ್ಲ. ಎಂದೂ ತೊಂದರೆ ಕೊಡದಿದ್ದ ಗಂಟುಗಳಿಗಾಗಿ ಸಾವಿರಾರು ಜನ ಗ್ರಂಥಿಯನ್ನೇ ಕಳೆದುಕೊಂಡರು. ಪೂರ್ಣ ಗ್ರಂಥಿ ತೆಗೆದವರಿಗೆ ಜೀವನಪರ್ಯಂತ ಮಾತ್ರೆ. ಕೆಲವರಿಗೆ ಕ್ಯಾಲ್ಸಿಯಂ ಕೊರತೆ, ಕೆಲವರಿಗೆ ಧ್ವನಿಯ ನರಕ್ಕೆ ಪೆಟ್ಟು.

ಕಾನೂನಿನ ಮಾತೂ ಇದೆ. ಲಿಂಗ ಪತ್ತೆ ತಡೆಗಾಗಿ ಬಂದ 1994ರ ಕಾಯ್ದೆಯಡಿ ಅಲ್ಟ್ರಾಸೌಂಡ್ ಯಂತ್ರವನ್ನು ನೋಂದಾಯಿತ ಸ್ಥಳದಲ್ಲಿಯೇ ಬಳಸಬೇಕು. ಅದನ್ನು ಸಮುದಾಯ ಭವನಕ್ಕೆ ಹೊತ್ತು ತಂದು ಶಿಬಿರ ನಡೆಸಲು ಪಂಚಾಯಿತಿಯ ಠರಾವು ಸಾಲದು. ಜಿಲ್ಲಾ ಸಕ್ಷಮ ಪ್ರಾಧಿಕಾರವನ್ನು ಮೊದಲು ವಿಚಾರಿಸಬೇಕು.

ಲಕ್ಷಣವಿದ್ದವರ ವಿಷಯ ಬೇರೆ. ಕುತ್ತಿಗೆಯಲ್ಲಿ ಗಟ್ಟಿಯಾದ ಅಥವಾ ಬೇಗ ಬೆಳೆಯುತ್ತಿರುವ ಗಂಟು, ವಾರಗಟ್ಟಲೆ ಬಿಡದ ಗೊಗ್ಗರು ಧ್ವನಿ, ನುಂಗಲು ತೊಂದರೆ, ಕುತ್ತಿಗೆಯ ಪಕ್ಕದಲ್ಲಿ ಗೆಡ್ಡೆ, ಮನೆತನದಲ್ಲಿ ಥೈರಾಯ್ಡ್ ಕ್ಯಾನ್ಸರ್, ಬಾಲ್ಯದಲ್ಲಿ ಕುತ್ತಿಗೆಗೆ ವಿಕಿರಣ ಚಿಕಿತ್ಸೆ: ಇವುಗಳಲ್ಲಿ ಯಾವುದಿದ್ದರೂ ಪರೀಕ್ಷೆ ತಡವಾಗಬಾರದು. ಮಗ್ಗದ ಸದ್ದಿನ ನಡುವೆ ಕೂಗಿ ಮಾತನಾಡುವವರು ಧ್ವನಿ ಒಡೆದುದನ್ನು ಕೂಗಿದ್ದರ ಫಲವೆಂದೇ ತಳ್ಳಿಹಾಕಬಹುದು. ನೇಕಾರರ ಬೀದಿಗಳಲ್ಲಿ ಆಶಾ ಕಾರ್ಯಕರ್ತೆಯರು ಇದನ್ನು ಕೇಳಿ ತಿಳಿಯುವುದು ಒಳ್ಳೆಯದು. ಅಂಥವರನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ಮೂಲಕ ತಾಲ್ಲೂಕು ಆಸ್ಪತ್ರೆಗೆ, ಅಲ್ಲಿಂದ ಅಗತ್ಯವಿದ್ದರೆ ವಿಕ್ಟೋರಿಯಾ ಅಥವಾ ಕಿದ್ವಾಯಿ ಸಂಸ್ಥೆಗೆ ಕಳುಹಿಸಬೇಕು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ. ಇದಕ್ಕೆ ಶಿಫಾರಸು ಪತ್ರ ಬೇಕಾಗುವುದರಿಂದ ಹೊರಡುವ ಮೊದಲೇ ಅದನ್ನು ಪಡೆಯಬೇಕು. ಸ್ಕ್ಯಾನ್ ವರದಿ, ಸೂಜಿ ಪರೀಕ್ಷೆಯ ವರದಿ ಮತ್ತು ಗಾಜಿನ ಸ್ಲೈಡ್‌ಗಳನ್ನು ಒಟ್ಟಿಗೆ ಇಟ್ಟುಕೊಂಡು ಪ್ರತಿ ಭೇಟಿಗೂ ಒಯ್ಯುವಂತೆ ಕುಟುಂಬದವರಿಗೆ ತಿಳಿಸಬೇಕು. ಸ್ಲೈಡ್ ಕೈಯಲ್ಲಿದ್ದರೆ ಇನ್ನೊಬ್ಬ ತಜ್ಞರು ಮತ್ತೆ ಸೂಜಿ ಹಾಕದೆಯೇ ಅದನ್ನು ಮರುಪರಿಶೀಲಿಸಬಲ್ಲರು.