ಹಿಗ್ಗುವ ಬಟ್ಟೆಗೆ ಹಿಗ್ಗುವ ಹೊಲಿಗೆ

ಸ್ವೆಟ್ ಅಂದರೆ ಬೆವರು. ನಾವು ಸ್ವೆಟ್‌ಶರ್ಟನ್ನು ಬೀರುವಿನಿಂದ ಹೊರತೆಗೆಯುವುದು ಮಾತ್ರ ಬೆವರಿನ ಸುಳಿವೇ ಇಲ್ಲದ ಡಿಸೆಂಬರಿನಲ್ಲಿ. ಈ ಅಂಗಿಯ ಹಿಂದೆ ಒಂದು ಕತೆಯಿದೆ. 1926ರ ಸುಮಾರಿಗೆ ಅಮೆರಿಕದ ಅಲಬಾಮಾ ವಿಶ್ವವಿದ್ಯಾಲಯದಲ್ಲಿ ಫುಟ್‌ಬಾಲ್ ಆಡುತ್ತಿದ್ದ ಬೆನ್ನಿ ರಸೆಲ್ ಎಂಬ ಹುಡುಗನಿಗೆ ಉಣ್ಣೆ ಜೆರ್ಸಿಯ ತುರಿಕೆ ಸಾಕಾಗಿ ಹೋಗಿತ್ತಂತೆ. ಅವನ ಅಪ್ಪನಿಗೆ ಅಲೆಕ್ಸಾಂಡರ್ ಸಿಟಿ ಎಂಬ ಊರಿನಲ್ಲಿ ಹತ್ತಿ ಬಟ್ಟೆಯ ಒಳಉಡುಪು ತಯಾರಿಸುವ ಗಿರಣಿಯಿತ್ತು. ಅದೇ ಬಗೆಯ ಬಟ್ಟೆಯಲ್ಲಿ ಆಟದ ಅಂಗಿ ಮಾಡಿಸಿಕೊಡಿ ಎಂದ ಮಗ. ಅಂದರೆ ಸ್ವೆಟ್‌ಶರ್ಟ್ ನಮ್ಮ ಬನಿಯನ್ನಿನ ಅಣ್ಣನೇ ಸೈ. ಈ ನೆಂಟಸ್ತನ ನೆನಪಿದ್ದರೆ ಹೊಲಿಗೆಯ ಅರ್ಧ ಪಾಠ ಬಂದಂತೆ.

ಮನೆಯಲ್ಲಿರುವ ಹಳೆಯ ಬನಿಯನ್ ಒಂದನ್ನು ಬೆಳಕಿಗೆ ಹಿಡಿದು ನೋಡಿ. ಪಂಚೆಯಲ್ಲಿ ಕಾಣುವ ಹಾಸುಹೊಕ್ಕು ಅಲ್ಲಿಲ್ಲ. ಅದು ನೇಯ್ದ ಬಟ್ಟೆಯಲ್ಲ, ಹೆಣೆದ ಬಟ್ಟೆ. ಕುಣಿಕೆಯೊಳಗೆ ಕುಣಿಕೆ, ಸಾಲಿನ ಮೇಲೆ ಸಾಲು. ಅಡ್ಡಕ್ಕೆ ಎಳೆದರೆ ಕುಣಿಕೆಗಳು ಅಗಲವಾಗುತ್ತವೆ, ಬಿಟ್ಟರೆ ಮತ್ತೆ ಮುದುಡಿಕೊಳ್ಳುತ್ತವೆ. ಬಟ್ಟೆ ಹೀಗೆ ಹಿಗ್ಗುವಾಗ ಅದನ್ನು ಹಿಡಿದಿರುವ ಹೊಲಿಗೆಯೂ ಹಿಗ್ಗಬೇಕಲ್ಲವೇ? ನನಗೆ ಇದು ಹೊಳೆದದ್ದು ತಡವಾಗಿ. ರವಿಕೆ ಹೊಲಿದು ಪಳಗಿದ ಕೈಯೆಂಬ ಜಂಬದಲ್ಲಿ ನನ್ನ ಮೊದಲ ಸ್ವೆಟ್‌ಶರ್ಟಿಗೆ ನೇರ ಹೊಲಿಗೆಯನ್ನೇ ಹಾಕಿದ್ದೆ. ತಲೆ ತೂರಿಸಿದ್ದೇ ತಡ, ಕುತ್ತಿಗೆಯ ಹತ್ತಿರ ‘ಪಟ್’ ಎಂದಿತು. ಬಟ್ಟೆ ಹರಿದಿರಲಿಲ್ಲ, ನೂಲು ತುಂಡಾಗಿತ್ತು.

ಇದಕ್ಕೆ ಮದ್ದು ಜಿಗ್‌ಜಾಗ್ ಹೊಲಿಗೆ. ಅಗಲ ಒಂದು ಮಿಲಿಮೀಟರಿನಷ್ಟು ಸಣ್ಣದಾಗಿರಲಿ, ಉದ್ದ ಎರಡೂವರೆ. ಕಣ್ಣಿಗೆ ಹೆಚ್ಚುಕಡಿಮೆ ನೆಟ್ಟಗೇ ಕಾಣುತ್ತದೆ, ಎಳೆದಾಗ ಮಾತ್ರ ಒಳಗಿನ ಡೊಂಕು ಬಿಚ್ಚಿಕೊಳ್ಳುತ್ತದೆ. ‘ನಮ್ಮದು ಅಜ್ಜಿಯ ಕಾಲದ ಕಾಲುಮಷಿನ್ನು, ಜಿಗ್‌ಜಾಗ್ ಬರುವುದಿಲ್ಲ’ ಅನ್ನುವವರು ಬೀದಿ ಕೊನೆಯ ಫಾಲ್-ಪೀಕೋ ಅಂಗಡಿಗೆ ಹೋಗಿ ಬನ್ನಿ. ಸೀರೆಯಂಚಿಗೆ ಪೀಕೋ ಹಾಕುವ ಮಷಿನ್ನು ಜಿಗ್‌ಜಾಗಿನದೇ.

ಇನ್ನು ಸೂಜಿ. ಮಾಮೂಲಿ ಸೂಜಿಯ ಚೂಪು ಮೊನೆ ಕುಣಿಕೆಯ ನೂಲನ್ನೇ ಚುಚ್ಚಿ ಕತ್ತರಿಸುತ್ತದೆ. ನಾಲ್ಕು ಸಲ ಒಗೆಯುವಷ್ಟರಲ್ಲಿ ಅಲ್ಲಿ ತೂತು. ಬಾಲ್‌ಪಾಯಿಂಟ್ ಸೂಜಿಯ ಮೊನೆ ತುಸು ಮೊಂಡು, ಅದು ನೂಲನ್ನು ಪಕ್ಕಕ್ಕೆ ಸರಿಸಿ ನಡುವೆ ಇಳಿಯುತ್ತದೆ. ಸ್ವೆಟ್‌ಶರ್ಟಿನ ದಪ್ಪಕ್ಕೆ 14ನೇ ನಂಬರು ಸರಿ. ಮಷಿನ್ನು ನಡುನಡುವೆ ಹೊಲಿಗೆ ತಪ್ಪಿಸಿದರೆ ಮೆಕ್ಯಾನಿಕ್ಕನ್ನು ಕರೆಯುವ ಮೊದಲು ಸೂಜಿ ಬದಲಿಸಿ ನೋಡಿ.

ಬಟ್ಟೆಯಂಗಡಿಯಲ್ಲಿ ಫ್ಲೀಸ್ ಅಥವಾ ಲೂಪ್‌ನಿಟ್ ಎಂದು ಕೇಳಿ. ಫ್ಲೀಸಿನ ಒಳಮೈ ಉಜ್ಜಿ ಜುಂಗು ಎಬ್ಬಿಸಿದ್ದು, ಬೆಚ್ಚಗಿರುತ್ತದೆ. ಲೂಪ್‌ನಿಟ್ಟಿನ ಒಳಮೈ ಟವೆಲಿನ ಹಾಗೆ ಸಣ್ಣ ಸಣ್ಣ ಕುಣಿಕೆ. ಮೈಸೂರು, ಬೆಂಗಳೂರಿನ ಚಳಿಗೆ ನನ್ನ ಓಟು ಲೂಪ್‌ನಿಟ್ಟಿಗೆ. ಅರುವತ್ತು ಇಂಚು ಪನ್ನದ ಬಟ್ಟೆ ಒಂದೂವರೆ ಮೀಟರ್ ಇದ್ದರೆ ಸಾಧಾರಣ ಮೈಕಟ್ಟಿನವರಿಗೆ ಸಾಕು. ಕುತ್ತಿಗೆ, ಮಣಿಕಟ್ಟು, ಸೊಂಟದ ಪಟ್ಟಿಗೆ ಅದೇ ಬಣ್ಣದ ರಿಬ್, ಅಂದರೆ ಏಣುಏಣಾಗಿ ಹೆಣೆದ, ಚೆನ್ನಾಗಿ ಹಿಗ್ಗುವ ಬಟ್ಟೆ, ಬೇರೆಯಾಗಿ ಕೊಳ್ಳಬೇಕು. ತಂದ ದಿನವೇ ಎರಡನ್ನೂ ಒಗೆದು ಒಣಗಿಸಿ. ಹತ್ತಿಯ ಹೆಣಿಗೆ ಕುಗ್ಗದೇ ಬಿಡುವುದಿಲ್ಲ. ಕುಗ್ಗುವುದೇನಿದ್ದರೂ ಕತ್ತರಿ ಹಾಕುವ ಮೊದಲೇ ಕುಗ್ಗಲಿ.

ಅಳತೆಗೆ ಟೇಪು ಹಿಡಿದು ತಲೆ ಕೆಡಿಸಿಕೊಳ್ಳಬೇಡಿ. ನಿಮಗೆ ಸಡಿಲವಾಗಿ ಕೂರುವ ಟೀಶರ್ಟನ್ನು ಹಳೆಯ ದಿನಪತ್ರಿಕೆಯ ಮೇಲೆ ಹರಡಿ, ಸುತ್ತ ಗೆರೆ ಎಳೆಯಿರಿ. ಅಗಲಕ್ಕೆ ನಾಲ್ಕು ಬೆರಳು ಸೇರಿಸಿ, ತೋಳನ್ನು ಮಣಿಕಟ್ಟಿನವರೆಗೆ ಇಳಿಸಿ, ಸುತ್ತಲೂ ಹೊಲಿಗೆಗೆ ಒಂದು ಸೆಂಟಿಮೀಟರ್ ಬಿಡಿ. ಮುಂಭಾಗ, ಹಿಂಭಾಗ, ಎರಡು ತೋಳು, ಅಷ್ಟೇ. ಡಾಟು, ಗುಂಡಿ, ಕಾಜ ಯಾವುದೂ ಇಲ್ಲ. ಬಟ್ಟೆ ಹಿಗ್ಗುವ ದಿಕ್ಕು ಎದೆಗೆ ಅಡ್ಡಲಾಗಿ ಬರಬೇಕು ಅನ್ನುವುದೊಂದು ಮರೆಯಬೇಡಿ. ಉದ್ದಕ್ಕೆ ಬಂದರೆ ಅಂಗಿ ದಿನೇ ದಿನೇ ಮೊಣಕಾಲಿನತ್ತ ಇಳಿಯುತ್ತದೆ.

ಮೊದಲು ಭುಜ ಕೂಡಿಸಿ, ಆಮೇಲೆ ತೋಳು. ನಂತರ ಮಣಿಕಟ್ಟಿನಿಂದ ಕಂಕುಳಿಗೆ, ಅಲ್ಲಿಂದ ಸೊಂಟಕ್ಕೆ ಒಂದೇ ಓಟದಲ್ಲಿ ಹೊಲಿದುಬಿಡಿ. ಇಲ್ಲಿವರೆಗೆ ಮಕ್ಕಳಾಟ. ಕೈ ನಡುಗುವುದು ಕುತ್ತಿಗೆ ಪಟ್ಟಿಯಲ್ಲಿ, ಅಲ್ಲಿ ಸ್ವಲ್ಪ ನಿಲ್ಲೋಣ.

ಕುತ್ತಿಗೆಯ ಸುತ್ತಳತೆ ಐವತ್ತು ಸೆಂಟಿಮೀಟರ್ ಅಂದುಕೊಳ್ಳಿ. ರಿಬ್ ಪಟ್ಟಿ ಐವತ್ತು ಬೇಡ, ಹೊಲಿಗೆಯ ಬಿಡುವೂ ಸೇರಿ ನಲವತ್ತೈದು ಸಾಕು. ಪಟ್ಟಿ ಚಿಕ್ಕದಿದ್ದರೆ ತಾನೇ ಅದು ಒಳಕ್ಕೆ ಬಾಗಿ ಕುತ್ತಿಗೆಯನ್ನು ತಬ್ಬುವುದು? ಸಮ ಅಳತೆಯ ಪಟ್ಟಿ ಹಾಕಿದರೆ ಮುಂದಕ್ಕೆ ಜೋತು ನಿಲ್ಲುತ್ತದೆ. ಆರು ಸೆಂಟಿಮೀಟರ್ ಅಗಲದ ಪಟ್ಟಿಯ ಎರಡು ತುದಿ ಕೂಡಿಸಿ ಬಳೆಯಂತೆ ಮಾಡಿ, ಉದ್ದಕ್ಕೆ ಅರ್ಧ ಮಡಿಸಿ. ಬಳೆಗೂ ಕುತ್ತಿಗೆಗೂ ನಾಲ್ಕು ಸಮಭಾಗದ ಗುರುತು ಹಾಕಿ, ಗುರುತಿಗೆ ಗುರುತು ಸೇರಿಸಿ ಗುಂಡುಪಿನ್ನು ಚುಚ್ಚಿ. ಪಿನ್ನಿನಿಂದ ಪಿನ್ನಿಗೆ ಹೊಲಿಯುವಾಗ ಪಟ್ಟಿಯನ್ನಷ್ಟೇ ಎಳೆದು ಅಂಗಿಯ ಅಂಚಿಗೆ ಸಮ ಮಾಡಿಕೊಳ್ಳಿ. ಅಂಗಿಯನ್ನು ಎಳೆಯಲೇಬೇಡಿ. ಎಳೆದಿರೋ, ಕುತ್ತಿಗೆ ಎಣ್ಣೆಗೆ ಬಿದ್ದ ಹಪ್ಪಳದಂತೆ ಅಲೆಅಲೆಯಾಗಿ ಏಳುತ್ತದೆ. ಮಷಿನ್ನಿನ ಹಿಂದಿನಿಂದಲೂ ಜಗ್ಗಬೇಡಿ. ಹಲ್ಲುಗಳು ಬಟ್ಟೆಯನ್ನು ತಾವೇ ಒಯ್ಯುತ್ತವೆ, ನಿಮ್ಮ ಕೈ ದಾರಿ ತೋರಿಸಿದರೆ ಸಾಕು. ಮಣಿಕಟ್ಟಿಗೂ ಸೊಂಟಕ್ಕೂ ಇದೇ ಉಪಾಯ.

ಅಷ್ಟಾದರೂ ಸಣ್ಣ ಅಲೆ ಎದ್ದಿದ್ದರೆ ಬಿಚ್ಚಲು ಕೂರಬೇಡಿ. ಮೇಲೆ ಒದ್ದೆ ಬಟ್ಟೆ ಹಾಸಿ ಇಸ್ತ್ರಿಪೆಟ್ಟಿಗೆಯನ್ನು ಒತ್ತಿ ಎತ್ತಿ, ಒತ್ತಿ ಎತ್ತಿ. ಉಜ್ಜಬೇಡಿ. ಹಬೆಗೆ ಕುಣಿಕೆಗಳು ತಮ್ಮ ಜಾಗಕ್ಕೆ ಮರಳುತ್ತವೆ. ಆರಿದ ಮೇಲೆ ಅಂಗಿಯನ್ನು ತಲೆಯ ಮೇಲಿಂದ ಇಳಿಸಿಕೊಳ್ಳಿ, ಕಿವಿ ಮಾತ್ರ ಕುತ್ತಿಗೆಯ ಹತ್ತಿರವೇ ಇರಲಿ. ‘ಪಟ್’ ಅನ್ನದಿದ್ದರೆ ಕನ್ನಡಿಯ ಮುಂದೆ ಹೋಗಿ ನಿಲ್ಲಬಹುದು.