ಮುಕುರ್ತಿಯ ನೀರು, ದೇವಾಲದ ಚಿನ್ನ

ಇವತ್ತು ಪಾಠದ ಪುಸ್ತಕ ಮುಚ್ಚಿಡಿ. ನಮ್ಮ ನೀಲಗಿರಿಯಲ್ಲೇ ಇರುವ ಎರಡು ಜಾಗಗಳಿಗೆ ಮಾತಿನಲ್ಲೇ ಹೋಗಿ ಬರೋಣ. ಒಂದು ಮುಕುರ್ತಿ ರಾಷ್ಟ್ರೀಯ ಉದ್ಯಾನ. ಇನ್ನೊಂದು ಚಿನ್ನದ ಗಣಿಯ ಊರುಗಳಾದ ದೇವಾಲ, ಪಂದಲೂರು.

ಮೊದಲು ಮುಕುರ್ತಿ. ಇದು ಊಟಿಯಿಂದ ಪಶ್ಚಿಮಕ್ಕಿದೆ. ಉದ್ಯಾನ ಅಂದ ಕೂಡಲೇ ಹೂವಿನ ತೋಟ ಅಂದುಕೊಳ್ಳಬೇಡಿ. ಇದು ಬೆಟ್ಟ, ಹುಲ್ಲುಗಾವಲು, ಕಾಡು. ಮುಕುರ್ತಿ ಶಿಖರದ ಎತ್ತರ 2,554 ಮೀಟರ್. ತೋಡರಿಗೆ ಅದು ಪವಿತ್ರ. ಇಲ್ಲಿ ನೀಲಗಿರಿ ತಾರ್ ಎಂಬ ಕಾಡುಮೇಕೆ ಇದೆ. ತಮಿಳಿನಲ್ಲಿ ಅದಕ್ಕೆ ವರೈಯಾಡು ಅಂತಾರೆ. 1990ರಲ್ಲಿ ಇದು ರಾಷ್ಟ್ರೀಯ ಉದ್ಯಾನವಾಯಿತು. ಒಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು.

ಕಣಿವೆಗಳಲ್ಲಿರುವ ಕಾಡಿಗೆ ಶೋಲಾ ಅಂತ ಹೆಸರು. ಹುಲ್ಲೂ ಶೋಲಾವೂ ಮಳೆನೀರನ್ನು ಹಿಡಿದಿಟ್ಟು ನಿಧಾನವಾಗಿ ಬಿಡುತ್ತವೆ. ಪೈಕಾರ ಹೊಳೆ ಹುಟ್ಟುವುದು ಇಲ್ಲೇ. ಅದರ ನೀರಿನಿಂದ 1932ರಲ್ಲೇ ಕರೆಂಟು ತೆಗೆಯಲು ಶುರುಮಾಡಿದರು.

ಈಗ ನಡುವಟ್ಟಂ ದಾರಿಯಲ್ಲಿ ಇಳಿದು, ಗೂಡಲೂರು ದಾಟಿ ದೇವಾಲಕ್ಕೆ ಬನ್ನಿ. ದಾರಿಯ ಎರಡೂ ಕಡೆ ಟೀ ತೋಟ. ಇಲ್ಲಿ ಚಿನ್ನದ ಗಣಿ ಇತ್ತು ಅಂದರೆ ನಂಬೋದು ಕಷ್ಟ.

ಹಿಂದೆ ಇಲ್ಲಿನ ಜನ ಹೊಳೆಯ ಮರಳು ತೊಳೆದು ಚೂರುಪಾರು ಚಿನ್ನ ತೆಗೀತಿದ್ರು. 1879ರಲ್ಲಿ ಸರ್ಕಾರ ಬ್ರೌ ಸ್ಮಿತ್ ಎಂಬ ಗಣಿ ತಜ್ಞರನ್ನು ಕರೆಸಿತು. ಅವರು ಆಸ್ಟ್ರೇಲಿಯಾದಲ್ಲಿ ಕೆಲಸ ಮಾಡಿದವರು. ಇಲ್ಲಿ ಚಿನ್ನವಿದೆ ಎಂದು ಅವರು ವರದಿ ಬರೆದರು. ಆಮೇಲೆ ಲಂಡನ್ನಿನಲ್ಲಿ ಮೂವತ್ತಕ್ಕೂ ಹೆಚ್ಚು ಕಂಪನಿಗಳು ಹುಟ್ಟಿದವು. ಅಚ್ಚಾದ ಕಾಗದ ನೋಡಿ ಜನ ಷೇರು ಕೊಂಡರು. ಹಡಗಿನಲ್ಲಿ ಯಂತ್ರಗಳು ಬಂದವು. ಕಾಡಿನ ನಡುವೆ ಬಂಗಲೆಗಳು ಎದ್ದವು. ಆದರೆ ಕಲ್ಲು ಪುಡಿಮಾಡಿ ನೋಡಿದರೆ ಸಿಕ್ಕ ಚಿನ್ನ ಖರ್ಚಿಗೂ ಸಾಲಲಿಲ್ಲ. ಕೆಲವೇ ವರ್ಷಗಳಲ್ಲಿ ಎಲ್ಲ ಮುಗಿಯಿತು. ಹಣ ಹಾಕಿದವರು ಕೈ ಸುಟ್ಟುಕೊಂಡರು.

ಚಿನ್ನ ಎಲ್ಲ ಕಡೆಯೂ ಸುಳ್ಳಲ್ಲ. ಅದೇ ಕಾಲದಲ್ಲಿ ಬೆಳೆದ ಕೋಲಾರದ ಗಣಿ 2001ರವರೆಗೆ ನಡೆಯಿತು. ಕಾಗದದ ಮೇಲೆ ಎರಡೂ ಒಂದೇ ಥರ ಕಂಡಿರಬಹುದು. ನೆಲದೊಳಗೆ ಮಾತ್ರ ಬೇರೆ ಬೇರೆ.

ಒಂದು ಎಚ್ಚರಿಕೆ. ದೇವಾಲದ ಸುತ್ತ ಹಳೆಯ ಸುರಂಗಗಳಿವೆ. ಕೆಲವಕ್ಕೆ ಗಿಡ ಮುಚ್ಚಿದೆ. ಚಿನ್ನದ ಆಸೆಗೆ ಕದ್ದು ಇಳಿದವರು ಪ್ರಾಣ ಕಳೆದುಕೊಂಡಿದ್ದಾರೆ. ನೋಡಲು ಹೋದರೆ ದೂರದಿಂದಲೇ ನೋಡಿ. ಮಕ್ಕಳ ಕೈ ಬಿಡಬೇಡಿ.

ಈ ಕಥೆ ಹೇಳಿದಾಗ ನಮ್ಮ ಕೇಂದ್ರದ ಅಕ್ಕ ಒಬ್ಬರು ಕೇಳಿದರು: "ಷೇರು ಕೊಂಡೋರೆಲ್ಲ ಓದಿದೋರೇ ಅಲ್ವಾ? ಮತ್ತೆ ಹೆಂಗೆ ಮೋಸ ಹೋದ್ರು?"

ಒಳ್ಳೇ ಪ್ರಶ್ನೆ. ಅವರಿಗೆ ಅಕ್ಷರ ಬರ್ತಿತ್ತು. ಆದರೆ ಓದಿದ್ದನ್ನು ಯಾರೂ ವಿಚಾರಿಸಲಿಲ್ಲ. ನಮಗೂ ದಿನಾ ಕಾಗದ ಬರುತ್ತೆ. ದುಡ್ಡು ಕಟ್ಟಿದರೆ ಎರಡರಷ್ಟು ಕೊಡ್ತೀವಿ ಅಂತ ಬರೆದಿರುತ್ತೆ. ಅಚ್ಚಾಗಿದೆ ಅಂತ ನಂಬಬೇಡಿ. ಇದನ್ನು ಬರೆದವರು ಯಾರು? ಇದರಿಂದ ಯಾರಿಗೆ ಲಾಭ? ಕಣ್ಣಾರೆ ನೋಡಿದವರು ಯಾರು? ಈ ಮೂರು ಪ್ರಶ್ನೆ ಕೇಳಿ. ಉತ್ತರ ಸಿಗುವ ತನಕ ಸಹಿ ಹಾಕಬೇಡಿ.

ಹೆಬ್ಬೆಟ್ಟು ಬಿಟ್ಟು ಸಹಿ ಕಲಿತಿದ್ದೀರಿ. ಆ ಸಹಿಗೆ ಬೆಲೆ ಇದೆ.