ವಿದ್ಯಾರ್ಥಿವೇತನ ಯಾರಿಗೆ ಸಲ್ಲಬೇಕು?
(ವಾರ್ಷಿಕ ಸಭೆಯಲ್ಲಿ ಟ್ರಸ್ಟಿನ ಪರವಾಗಿ ಮಾಡಿದ ಭಾಷಣ)

 

ಹೆಚ್ಚು ಅಂಕ ತೆಗೆದವರಿಗೇ ವಿದ್ಯಾರ್ಥಿವೇತನ ಕೊಡಿ ಎಂದು ಕೆಲವು ದಾನಿಗಳು ಸೂಚಿಸಿದ್ದಾರೆ. ಬಡವ ಬಲ್ಲಿದ ಎಂಬುದು ಅಲ್ಲಾಹನ ಇಚ್ಛೆ, ಅದರಲ್ಲಿ ಅನ್ಯಾಯವೇನು ಬಂತು ಎಂಬ ಮಾತೂ ಬಂದಿದೆ. ಕೇಳಬೇಕಾದ ಪ್ರಶ್ನೆಯೇ. ಉತ್ತರ ನಮ್ಮ ನಾಲ್ಕು ತಾಲ್ಲೂಕುಗಳಲ್ಲೇ ಇದೆ.

ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಶುರುವಾಯಿತು. ಶ್ರೀರಂಗಪಟ್ಟಣಕ್ಕೆ ಅದಕ್ಕೂ ಹಿಂದಿನ ನಾಲೆಗಳಿದ್ದವು. ವಿಶ್ವೇಶ್ವರಯ್ಯ ನಾಲೆ ಬಂದ ಮೇಲೆ ಪಾಂಡವಪುರದ ಕಡೆಯೂ ಭತ್ತ, ಕಬ್ಬು ಬೆಳೆಯಿತು. ಕೃಷ್ಣರಾಜಪೇಟೆಗೆ ಹೇಮಾವತಿ ನೀರು ತಕ್ಕಮಟ್ಟಿಗೆ ಸಿಕ್ಕಿತು. ನಾಗಮಂಗಲದ ಬಹಳಷ್ಟು ಹಳ್ಳಿಗಳು ಇಂದಿಗೂ ಮಳೆ ನಂಬಿ ರಾಗಿ, ಹುರುಳಿ ಬಿತ್ತುತ್ತವೆ. ನೀರು ತಗ್ಗಿಗೆ ಹರಿಯುತ್ತದೆ, ಅದು ಯಾರ ತಪ್ಪೂ ಅಲ್ಲ. ಆದರೆ ಕಟ್ಟೆ ಕಟ್ಟಿದ್ದು ಸಂಸ್ಥಾನದ ಬೊಕ್ಕಸದಿಂದ. ಬೆದ್ದಲು ರೈತನ ಕಂದಾಯವೂ ಆ ಬೊಕ್ಕಸಕ್ಕೇ ಹೋಗುತ್ತಿತ್ತು. ಹಳೇ ಕನ್ನಂಬಾಡಿಯವರಂತೂ ಊರನ್ನೇ ನೀರಿಗೆ ಬಿಟ್ಟುಕೊಟ್ಟರು. ಎತ್ತರದ ನೆಲ ಅನ್ಯಾಯವಲ್ಲ. ಎಲ್ಲರ ಹಣದಿಂದ ಆದದ್ದರಲ್ಲಿ ಕೆಲವರಿಗೆ ಪಾಲೇ ಇಲ್ಲದಿರುವುದು ಅನ್ಯಾಯ.

ಪ್ರಪಂಚದ ಲೆಕ್ಕವೂ ಇಂಥದ್ದೇ. ಒಬ್ಬನ ಆದಾಯದ ಹೆಚ್ಚುಕಡಿಮೆಯಲ್ಲಿ ಅರ್ಧಕ್ಕಿಂತ ದೊಡ್ಡ ಪಾಲು ಅವನು ಯಾವ ದೇಶದವನು ಎಂಬುದರಿಂದಲೇ ತೀರ್ಮಾನವಾಗುತ್ತದೆ ಎಂದು ಅರ್ಥಶಾಸ್ತ್ರಜ್ಞ ಬ್ರಾಂಕೊ ಮಿಲಾನೊವಿಚ್ ತೋರಿಸಿದ್ದಾರೆ. ಹುಟ್ಟುವ ಊರನ್ನು ಯಾವ ಮಗು ಆರಿಸಿಕೊಂಡಿತು?

ಅಂಕವೇ ಮುಖ್ಯ ಎನ್ನುವವರ ಪಕ್ಷದಲ್ಲಿ ಸಣ್ಣವರಿಲ್ಲ. ಸರ್ಕಾರಿ ಹುದ್ದೆ ಅರ್ಹತೆಯಿಂದಲೇ ಸಿಗಬೇಕೆಂಬುದು ಕಟ್ಟೆ ಕಟ್ಟಿಸಿದ ವಿಶ್ವೇಶ್ವರಯ್ಯನವರ ನಿಲುವೂ ಆಗಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರು ಮಾತ್ರ 1918ರಲ್ಲಿ ಮಿಲ್ಲರ್ ಸಮಿತಿ ನೇಮಿಸಿದರು. ಸಮಿತಿ ಹಿಂದುಳಿದವರೊಂದಿಗೆ ಮುಸ್ಲಿಮರನ್ನೂ ಎಣಿಸಿತು. ಅಂಕವೊಂದನ್ನೇ ನೋಡಿದ್ದರೆ ನಮ್ಮ ಮುತ್ತಜ್ಜಂದಿರು ಬಾಗಿಲ ಹೊರಗೇ ನಿಂತಿರಬೇಕಿತ್ತು.

ಜಕಾತ್‌ ವಿಷಯದಲ್ಲಿ ಹೆಚ್ಚು ಹೇಳಬೇಕಿಲ್ಲ. ನಿಸಾಬ್ ಮುಟ್ಟಿದವರು ನೂರಕ್ಕೆ ಎರಡೂವರೆ ಕೊಡುವುದು ಬಡವರ ಹಕ್ಕು, ನಮ್ಮ ಉಪಕಾರವಲ್ಲ. ಹಕ್ಕಿನ ಹಣಕ್ಕೆ ರ‍್ಯಾಂಕ್ ಕೇಳುವುದು ಹೇಗೆ?

ಆದ್ದರಿಂದ ಹೀಗೆ ತೀರ್ಮಾನಿಸಿದ್ದೇವೆ. ಜಕಾತ್ ನಿಧಿಯ ಲೆಕ್ಕ ಬೇರೆ ಇರುತ್ತದೆ, ಅದು ಜಕಾತ್‌ಗೆ ಅರ್ಹರಾದ ಮಕ್ಕಳಿಗೆ ಮಾತ್ರ, ಪಾಸಾಗಿದ್ದರೆ ಸಾಕು. ಮನೆಯ ಆದಾಯ, ಕಾಲೇಜಿಗೆ ಇರುವ ದೂರ ಎರಡನ್ನೂ ನೋಡುತ್ತೇವೆ. ಎರಡು ಬಸ್ ಬದಲಿಸಿ ಓದಲು ಹೋಗುವ ಗುಜರಿಯವರ ಮಗಳ ಶೇಕಡಾ 60, ಪೇಟೆಯಲ್ಲಿ ಟ್ಯೂಷನ್ ಸಿಕ್ಕವರ 85ಕ್ಕಿಂತ ನಮಗೆ ಕಡಿಮೆಯಲ್ಲ. ಅಂಕಕ್ಕೆ ಬಹುಮಾನ ಬೇಕೆನ್ನುವ ದಾನಿಗಳು ಸದಕಾ ನಿಧಿಗೆ ಕೊಡಬಹುದು, ಸಂತೋಷದಿಂದ ಹಂಚುತ್ತೇವೆ.

ಅರ್ಜಿಯೊಂದಿಗೆ ಆದಾಯ ಪ್ರಮಾಣಪತ್ರ, ಅಂಕಪಟ್ಟಿ, ಬ್ಯಾಂಕ್ ಪಾಸ್‌ಬುಕ್ಕಿನ ಜೆರಾಕ್ಸ್, ನಿಮ್ಮ ಮಸೀದಿ ಕಮಿಟಿಯ ಪತ್ರ ಇರಲಿ. ಆದಾಯ ಪ್ರಮಾಣಪತ್ರ ಕೈಸೇರುವುದು ತಡವಾದರೆ ಅರ್ಜಿ ಹಾಕಿದ ರಸೀದಿ ತನ್ನಿ, ಅದನ್ನೂ ಸ್ವೀಕರಿಸುತ್ತೇವೆ.